ಕಬ್ಬಿನ ಟ್ರ್ಯಾಕ್ಟರೂ ನನ್ನ ರೇಸ್ ಕಾರೂ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕ್‌ನಲ್ಲಿ ನಮ್ಮ ಕಾರನ್ನೇ ಓಡಿಸಬಹುದಂತೆ ಎಂದು ಭಾಮೈದ ತಲೆಗೆ ಹುಳ ಬಿಟ್ಟ. ನನ್ನದು ಹನ್ನೊಂದು ವರ್ಷದ ಕಾರು. ಎಕ್ಸ್‌ಪ್ರೆಸ್‌ವೇನಲ್ಲಿ ಎಂಬತ್ತು ದಾಟಿದರೆ ಡ್ಯಾಶ್‌ಬೋರ್ಡ್ ಭಜನೆ ಶುರು ಮಾಡುತ್ತದೆ. ಆದರೂ ಆಸೆ ನೋಡಿ.

"ಮೊದಲು ಇನ್ಶೂರೆನ್ಸ್ ಮಾಡಿಸಿ, ಆಮೇಲೆ ಹಾರಾಡಿ" ಅಂದಳು ಹೆಂಡತಿ. ಸರಿ, ನಾನೂ ಭಾಮೈದನೂ ಮಂಡ್ಯದ ವಿ.ವಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿರುವ ಏಜೆಂಟರ ಹತ್ತಿರ ಹೋದೆವು. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಇವರು.

"ರೇಸಿಗೆ ವಿಮೆ ಬೇಕಿತ್ತು."

"ಕುದ್ರೆಗಾ ಸಾ?"

"ಅಲ್ಲ, ಕಾರಿಗೆ."

ಅವರು ಕಿಟಕಿಯಿಂದ ಬಗ್ಗಿ ಕಾರು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಹಸುಗಾದ್ರೆ ಕಿವಿಗೆ ಓಲೆ ಹೊಡ್ದು ಇವತ್ತೇ ಮಾಡ್ಕೊಡ್ತೀನಿ ಸಾ. ಇದ್ಯಾವ್ದು ಹೊಸ್ದು?"

ಅಮೆರಿಕದಲ್ಲಿ ಟ್ರ್ಯಾಕ್‌ಗೆ ಹೋಗುವ ಒಂದು ದಿನದ ಮಟ್ಟಿಗೇ ವಿಮೆ ಸಿಗುತ್ತದೆ, ಕಾರಿನ ಬೆಲೆ ಇಷ್ಟು ಅಂತ ಮೊದಲೇ ಮಾತಾಡಿಕೊಂಡಿರುತ್ತಾರೆ ಎಂದು ಭಾಮೈದ ಫೋನ್ ತೋರಿಸಿದ. ಏಜೆಂಟರು ನನ್ನ ಪಾಲಿಸಿಯಲ್ಲಿ ಕಾರಿನ ಬೆಲೆ ಹುಡುಕಿದರು. ಒಂದು ಲಕ್ಷ ನಲವತ್ತು ಸಾವಿರ. "ಇದ್ಕೆ ಒಂದ್ ಜೊತೆ ಒಳ್ಳೆ ಹಳ್ಳಿಕಾರ್ ಹೋರಿನೂ ಬರಕಿಲ್ಲ ಸಾ" ಅಂದರು. ಬೇಜಾರಾಯಿತು. ಆದರೆ ಮಾತು ಸುಳ್ಳಲ್ಲ.

ಆಮೇಲೆ ಕನ್ನಡಕ ಏರಿಸಿ, ಇಷ್ಟು ವರ್ಷ ನಾನು ಒಂದು ಸಲವೂ ಓದದ ಸಣ್ಣಕ್ಷರ ಓದಿದರು. ಆಯೋಜಿತ ರೇಸ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ (ಅಂದರೆ ಗಾಡಿ ಕೈಕೊಡದೆ ಓಡುತ್ತದಾ ಎಂಬ ಪರೀಕ್ಷೆ), ಇವುಗಳಲ್ಲಿ ಏನಾದರೂ ಆದರೆ ಕಂಪನಿ ಕಾಸು ಬಿಚ್ಚುವುದಿಲ್ಲ. ಕೊನೆಯದನ್ನು ಕೇಳಿ ನನಗೆ ಗಾಬರಿಯಾಯಿತು. ದಿನಾ ಬೆಳಗ್ಗೆ ಸೆಲ್ಫ್ ಹೊಡೆಯುವಾಗ ನಮ್ಮ ಮನೆ ಮುಂದೆ ನಡೆಯುವುದು ಅದೇ ಅಲ್ವಾ?

"ಇದು ರೇಸ್ ಅಲ್ಲ ಸಾರ್, ಟ್ರ್ಯಾಕ್ ಡೇ. ಗೆದ್ದೋರು ಸೋತೋರು ಯಾರೂ ಇಲ್ಲ" ಎಂದು ಭಾಮೈದ ವಾದಕ್ಕಿಳಿದ.

"ಸ್ಪೀಡ್ ಟೆಸ್ಟಿಂಗ್ ಅಂತಾನೂ ಬರ್ದವ್ರಲ್ಲಪ್ಪ."

"ಮೆಲ್ಲಗೆ ಓಡಿಸಿದ್ರೆ?" ಅಂದೆ ನಾನು.

"ಮೆಲ್ಲುಗ್ ಓಡ್ಸಕ್ಕೆ ಕೊಯಮತ್ತೂರ್‌ಗಂಟ ಯಾಕೋಯ್ತೀರಾ ಸಾ? ಇಲ್ಲೇ ವಿ.ವಿ. ರಸ್ತೆಲಿ ಓಡ್ಸಿ."

ಇದಕ್ಕೆ ಉತ್ತರ ಹುಡುಕುತ್ತಿದ್ದಾಗಲೇ ಕೆಳಗೆ 'ಟಪ್' ಅಂತ ಸದ್ದಾಯಿತು.

ಇಳಿದು ನೋಡಿದರೆ ಕಬ್ಬಿನ ಟ್ರ್ಯಾಕ್ಟರ್. ಡಬಲ್ ಟ್ರೇಲರ್ ಹೊತ್ತು ಗಲ್ಲಿಯಲ್ಲಿ ತಿರುಗಲು ಹೋಗಿ, ಹಿಂದಿನ ಟ್ರೇಲರ್ ನನ್ನ ಬಂಪರನ್ನು ಅರ್ಧ ಕಿತ್ತು, ಹಲ್ಲು ಬಿದ್ದ ತಾತನ ಹಾಗೆ ಜೋಲು ಬಿಟ್ಟಿತ್ತು. ಇಂಜಿನ್ ಆಫ್, ಕೀ ನನ್ನ ಜೇಬಲ್ಲಿ, ಸ್ಪೀಡು ಸೊನ್ನೆ.

ಏಜೆಂಟರ ಮುಖ ಮಾತ್ರ ಅರಳಿತು. "ಇದ್ಕೆ ಕ್ಲೇಮ್ ಆಯ್ತದೆ ಸಾ!" ಜೆರಾಕ್ಸ್ ಅಂಗಡಿಯ ಕ್ಯಾಲ್ಕುಲೇಟರ್ ಇಸಿದುಕೊಂಡು ಅಲ್ಲೇ ನಿಂತು ಲೆಕ್ಕ ಹಾಕಿದರು. ಹೊಸ ಬಂಪರಿಗೆ ಐದು ಸಾವಿರ ಅಂತಿಟ್ಟುಕೊಳ್ಳಿ. ಅದು ಪ್ಲಾಸ್ಟಿಕ್, ಸವಕಳಿ ಅಂತ ಶೇ. 50 ಕಡಿತ. ಉಳಿದದ್ದರಲ್ಲಿ ಸಾವಿರ ರೂಪಾಯಿ ಕಡ್ಡಾಯವಾಗಿ ನನ್ನ ತಲೆಗೆ. ಕೈಗೆ ಬರುವುದು ಒಂದೂವರೆ ಸಾವಿರ. ಅದನ್ನು ಇಸಿದುಕೊಂಡರೆ, ಐದು ವರ್ಷ ಏನೂ ಕೇಳದೆ ಕೂಡಿಸಿದ್ದ ಶೇ. 50 ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂ ರಿಯಾಯಿತಿ, ಮುಂದಿನ ರಿನ್ಯೂವಲ್‌ನಲ್ಲಿ ಮಾಯ.

"ಬೇಡ ಬಿಡಿ" ಅಂದೆ.

ಟ್ರ್ಯಾಕ್ಟರ್ ಹುಡುಗನಿಗೆ ಪಾಪ ಅನ್ನಿಸಿರಬೇಕು. "ಬೇಜಾರ್ ಮಾಡ್ಕಬ್ಯಾಡಿ ಕಣಣ್ಣ" ಎಂದು ಲೋಡಿನಿಂದ ನಾಲ್ಕು ಜಲ್ಲೆ ಎಳೆದು ಕೊಟ್ಟ. ಬಂಪರನ್ನು ಸೆಣಬಿನ ಹುರಿಯಲ್ಲಿ ಕಟ್ಟಿ ಮನೆಗೆ ಬಂದೆವು.

ಹೆಂಡತಿ ಗೇಟಿನಲ್ಲೇ ನಿಂತಿದ್ದಳು. "ಅಯ್ಯೋ, ಆಗಲೇ ರೇಸಿಗೆ ಹೋಗಿ ಬಂದ್ರಾ?"

"ಇಲ್ಲ, ಇನ್ಶೂರೆನ್ಸ್ ಮಾಡಿಸೋಕೆ ಹೋಗಿದ್ವಿ" ಅಂದೆ. ಹಿಂದಿನ ಸೀಟಿನಲ್ಲಿ ಭಾಮೈದ ಆಗಲೇ ಎರಡನೇ ಜಲ್ಲೆ ಸಿಗಿಯುತ್ತಿದ್ದ.