ಸಂಧಾನಕ್ಕೆ ಹೊರಟವನು ನಡುದಾರಿಯಲ್ಲಿ ಇಳಿದದ್ದು

ಮೊನ್ನೆ ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿತ್ತು, ಅಲ್ಲೇ ನೋಡಿ ತಪ್ಪಿದ್ದು. ಕಿಟಕಿ ಸೀಟು ಸಿಕ್ಕಿದ್ರೆ ಬಸ್ಸು ಬದಿಯಡ್ಕಕ್ಕೆ ಹೋಗ್ತದೆ, ನಾನು ಹಸ್ತಿನಾವತಿಗೆ. ಹಿಂದಿನ ರಾತ್ರಿ ಒಂದು ತಾಳಮದ್ದಳೆ (ವೇಷ ಕುಣಿತ ಇಲ್ಲದೆ, ಕೂತಲ್ಲೇ ಪಾತ್ರದ ಮಾತು ಅಂದ್ರೆ ಅರ್ಥ ಹೇಳುವ ಯಕ್ಷಗಾನ) ಕೇಳಿ ಬಂದಿದ್ದೆ, ಕೃಷ್ಣನ ಅರ್ಥ ಹೇಳಿದವರು ಒಂದು ಕಡೆ ಕೌರವನಿಗೆ ಸಮಾ ಉತ್ತರ ಕೊಡ್ಲೇ ಇಲ್ಲ ಅಂತ ನಂಗೆ ತಡೀಲಿಕ್ಕಾಗದ ಬೇಜಾರು (ನಾನು ಜೀವಮಾನದಲ್ಲಿ ಅರ್ಥ ಹೇಳಿದವನಲ್ಲ, ಸ್ಟೇಜ್ ಹತ್ತಿದ್ದು ಕುರ್ಚಿ ಎತ್ಲಿಕ್ಕೆ ಮಾತ್ರ). ಹಾಗಾಗಿ ಸೀತಾಂಗೋಳಿ ದಾಟುವಾಗ ಆ ಉತ್ತರ ನಾನೇ ಕೊಡ್ಲಿಕ್ಕೆ ಸುರು ಮಾಡಿದೆ. ಸಭೆ ಸ್ತಬ್ಧ. ಭಾಗವತರು ಜಾಗಟೆ ಕೆಳಗಿಟ್ಟು ನನ್ನನ್ನೇ ನೋಡ್ತಿದ್ದಾರೆ. ಅರ್ಧ ರಾಜ್ಯ ಬೇಡ, ಐದು ಊರು ಕೊಡು ಸಾಕು ಅಂತ ಐದೂ ಬೆರಳು ಬಿಡಿಸಿ ಕೈ ಎತ್ತಿದೆ. ಮನಸ್ಸಲ್ಲಿ ಎತ್ತಿದ್ದು ಅಂತ ನನ್ನ ಲೆಕ್ಕ.

ಟಿಣ್ ಅಂತ ಬೆಲ್ಲಾಯ್ತು. ಬಸ್ಸು ನಿಂತಿತು.

"ಇರಙ್ಙಾನುಂಡೋ?" ಇಳೀಲಿಕ್ಕುಂಟಾ ಅಂತ ಕಂಡಕ್ಟರ್ ಮಲಯಾಳದಲ್ಲಿ ಕೇಳಿದ. ಹೊರಗೆ ನೋಡಿದ್ರೆ ಮನೆ ಇಲ್ಲ ಅಂಗಡಿ ಇಲ್ಲ, ಬೋಳು ಗುಡ್ಡೆ, ಒಂದು ಗೇರುಮರ, ಅದರಡಿಯಲ್ಲಿ ಒಂದು ದನ. ಬಸ್ಸಲ್ಲಿದ್ದವರೆಲ್ಲ ನನ್ನ ಕೈಯನ್ನೇ ನೋಡ್ತಿದ್ದಾರೆ, ಅದಿನ್ನೂ ಮೇಲೇ ಉಂಟು. ಇಲ್ಲ ಮಾರಾಯ, ಕೌರವನ ಹತ್ರ ಐದು ಊರು ಕೇಳ್ತಿದ್ದೆ ಅಂತ ಹೇಳುದು ಹೇಗೆ? ಸಪ್ತಭಾಷೆಯ ಊರು ನಮ್ಮ ಕಾಸರಗೋಡು, ಏಳರಲ್ಲೂ ಮಾತು ಸಿಗ್ಲಿಲ್ಲ. "ಹ್ಞಾಂ" ಅಂತ ಇಳಿದುಬಿಟ್ಟೆ. ಬಸ್ಸು ಮರೆಯಾಗುವವರೆಗೆ ಆ ದನ ನಮ್ಮ ಮನೆದೇ ಅನ್ನುವ ಹಾಗೆ ಅದರ ಕಡೆಗೇ ನಡೆದೆ, ಅದಕ್ಕೂ ನಾಚಿಕೆ ಆಯ್ತೋ ಏನೋ, ಎದ್ದು ಹೋಯ್ತು.

ಮಂಗಳೂರಲ್ಲಿ ಸೈಕಾಲಜಿ ಓದುವ ಅಕ್ಕನ ಮಗಳು ಈ ಕಥೆ ಕೇಳಿ ನಕ್ಕು ನಕ್ಕು ಸುಸ್ತಾದ ಮೇಲೆ ಇದಕ್ಕೊಂದು ಹೆಸರುಂಟು ಮಾವ, ಮ್ಯಾಲಡಾಪ್ಟಿವ್ ಡೇಡ್ರೀಮಿಂಗ್ ಅಂತ, 2002ರಲ್ಲಿ ಇಸ್ರೇಲಿನ ಎಲಿ ಸೋಮರ್ ಅನ್ನುವ ಮನಶ್ಶಾಸ್ತ್ರಜ್ಞರು ಇಟ್ಟದ್ದು ಅಂದ್ಳು. ಕೆಲವರು ಹಾಡು ಹಾಕ್ಕೊಂಡು ಅತ್ತಿಂದಿತ್ತ ನಡೀತಾ ಗಂಟೆಗಟ್ಲೆ ಒಳಗೊಳಗೇ ಕಥೆ ಕಟ್ತಾರಂತೆ, ಓದು ಕೆಲಸ ಎಲ್ಲ ಹಾಳಾಗುವಷ್ಟು. ಹುಚ್ಚಲ್ಲ ಅದು, ಇದು ನಿಜ ಅಲ್ಲ ಅಂತ ಅವರಿಗೇ ಸರೀ ಗೊತ್ತಿರ್ತದೆ, ಬಿಡ್ಲಿಕ್ಕೆ ಆಗುದಿಲ್ಲ ಅಷ್ಟೆ. ನಂಗೆ ಒಳಗೊಳಗೇ ಒಂಥರಾ ಹೆಮ್ಮೆ ಬರ್ತಾ ಇತ್ತು, ಅಷ್ಟರಲ್ಲಿ "ನಿಮ್ದು ಅಷ್ಟೆಲ್ಲ ಇಲ್ಲ ಮಾವ, ನಿಮ್ದು ಬರೀ ಅಜಾಗ್ರತೆ" ಅಂದುಬಿಟ್ಳು.

ಸಮಾಧಾನಕ್ಕೆ ಇನ್ನೊಂದು ಹೇಳಿದ್ಳು. 2010ರಲ್ಲಿ ಹಾರ್ವರ್ಡಿನ ಇಬ್ಬರು 2,250 ಜನರ ಫೋನಿಗೆ ಆಗಾಗ ಪ್ರಶ್ನೆ ಕಳಿಸಿ, ಈಗ ಎಂತ ಮಾಡ್ತಿದ್ದೀರಿ, ಮನಸ್ಸು ಎಲ್ಲುಂಟು ಅಂತ ಕೇಳಿದ್ರಂತೆ, ನೂರು ಸಲ ಕೇಳಿದ್ರೆ ಸುಮಾರು 47 ಸಲ ಮನಸ್ಸು ಬೇರೆಲ್ಲೋ! ಅಡುಗೆಮನೆಯಿಂದ ನನ್ನ ಹೆಂಡತಿ, "ಅದು ಸರಿ, ಉಳಿದ 53 ಸಲ ಇವರು ಎಲ್ಲಿರ್ತಾರೆ ಅಂತ ಕೇಳು" ಅಂದ್ಳು. ಹಾಲು ನೋಡ್ಕೊಳ್ಳಿ ಅಂತ ನನ್ನನ್ನು ಒಲೆ ಹತ್ರ ನಿಲ್ಲಿಸಿ, ಆಮೇಲೆ ಒಲೆ ತೊಳೆದವಳು ಅವಳೇ, ಅಷ್ಟು ಹೇಳುವ ಹಕ್ಕುಂಟು.

ಅದೇ ಲೆಕ್ಕದಲ್ಲಿ, ಚಂದದ್ದು ಯೋಚಿಸ್ತಿದ್ದವರಿಗೂ ಕೈಲಿರುವ ಕೆಲಸದಲ್ಲೇ ಮನಸ್ಸಿದ್ದವರಿಗಿಂತ ಜಾಸ್ತಿ ಖುಷಿ ಇರ್ಲಿಲ್ಲವಂತೆ. ಇದನ್ನು ನಾನು ಒಪ್ಪುದಿಲ್ಲ. ಆ 2,250 ಜನರಲ್ಲಿ ಬೆಳಗ್ಗಿಂದ ಸಂಜೆವರೆಗೆ ಕೂತು ಅಡಿಕೆ ಸುಲಿದವರು ಒಬ್ಬರೂ ಇರ್ಲಿಕ್ಕಿಲ್ಲ.

ನಿನ್ನೆ ಮತ್ತೆ ಅದೇ ಬಸ್ಸು, ಅದೇ ಕಂಡಕ್ಟರ್. ಈ ಸಲ ಎರಡೂ ಕೈ ಚೀಲದ ಮೇಲೆ ಬಿಗಿಯಾಗಿ ಇಟ್ಟು, ಎಂತದ್ದೂ ಯೋಚಿಸದೆ, ರಸ್ತೆಯನ್ನೇ ನೋಡ್ತಾ ಕೂತಿದ್ದೆ. ಸೀತಾಂಗೋಳಿ ದಾಟಿತು, ಗುಡ್ಡೆ ಬಂತು, ಕಂಡಕ್ಟರ್ ನನ್ನ ಮುಖ ನೋಡಿ ಪರಿಚಯದ ನಗೆ ನಕ್ಕು, ಕೇಳದೆಯೇ ಬೆಲ್ ಹೊಡೆದ.

ಇಳಿದೆ.