ಸಕ್ಕರೆ ಹಾಕಿದ್ದು ಯಾರು?

ಕಳೆದ ಭಾನುವಾರ ಅಕ್ಕನ ಮಗಳು ಸೋಫಾ ಮೇಲೆ ಕಾಲು ಚಾಚಿ ‘ಮೇರಿ ಪಾಪಿನ್ಸ್’ ಸಿನಿಮಾ ನೋಡುತ್ತಿದ್ದಳು. ಮಕ್ಕಳನ್ನು ನೋಡಿಕೊಳ್ಳೋ ಮಾಯಗಾತಿ ಆಯಾ ಒಬ್ಬಳ ಕಥೆ ಅದು. ಒಂದು ಚಮಚ ಸಕ್ಕರೆ ಇದ್ದರೆ ಔಷಧಿ ಸಲೀಸಾಗಿ ಗಂಟಲಿಳಿಯುತ್ತೆ ಅನ್ನೋ ಹಾಡು ಬಂತು. ನಾನು ಸುಮ್ನಿರಬಹುದಿತ್ತು. “ಪುಸ್ತಕದಲ್ಲಿ ಸಕ್ಕರೆ ಇಲ್ಲವೇ ಇಲ್ಲ ಪುಟ್ಟಿ” ಅಂದೆ. ಅವಳು ನನ್ನ ಕಡೆ ತಿರುಗದೆ ವಾಲ್ಯೂಮ್ ಜಾಸ್ತಿ ಮಾಡಿದಳು.

ಇಲ್ಲ ಅಂದ್ರೆ ಇಲ್ಲ. 1934ರಲ್ಲಿ ಪಿ. ಎಲ್. ಟ್ರಾವರ್ಸ್ ಬರೆದ ಮೊದಲ ಪುಸ್ತಕದಲ್ಲಿ ಇರೋದು ಒಂದು ಔಷಧಿ ಬಾಟಲಿ. ಅದನ್ನೇ ಆ ಆಯಾ ನೋಡಿಕೊಳ್ಳೋ ಮಕ್ಕಳಲ್ಲಿ ಮೈಕೇಲನಿಗೆ ಬಗ್ಗಿಸಿದರೆ ಸ್ಟ್ರಾಬೆರಿ ಐಸ್, ಜೇನ್‌ಗೆ ನಿಂಬೆ ಶರಬತ್ತು, ಅವಳಿ ಕೂಸುಗಳಿಗೆ ಹಾಲು, ಕೊನೆಗೆ ಮೇರಿ ಪಾಪಿನ್ಸ್‌ಗೆ ರಮ್ ಪಂಚ್. ಸಿನಿಮಾದವರು ಅವಳಿಗಳನ್ನು ಕೈಬಿಟ್ಟರೂ ಬಾಟಲಿಯನ್ನು ಉಳಿಸಿಕೊಂಡಿದ್ದಾರೆ. ತಾನಾಗೇ ರುಚಿಯಾಗೋ ಔಷಧಿಗೆ ಮತ್ತೆ ಸಕ್ಕರೆ ಯಾಕೆ, ಹೇಳಿ? ಹಾಡು ಕಟ್ಟಿದ ಶರ್ಮನ್ ಸಹೋದರರಲ್ಲಿ ಒಬ್ಬರ ಮಗನಿಗೆ ಸ್ಕೂಲಲ್ಲಿ ಪೋಲಿಯೋ ಲಸಿಕೆಯನ್ನು ಸಕ್ಕರೆ ತುಂಡಿನ ಮೇಲೆ ಹಾಕಿ ಕೊಟ್ಟಿದ್ದರಂತೆ, ಹಾಡು ಹುಟ್ಟಿದ್ದು ಅಲ್ಲಿಂದ. ಪುಣ್ಯವಂತ ಹುಡುಗ.

ನಮ್ಮಜ್ಜಿ ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸುತ್ತಿದ್ದಳು. ಬೆಳಗಿನ ಜಾವ, ಖಾಲಿ ಹೊಟ್ಟೆಗೆ. ಜಗುಲಿ ಮೇಲೆ ಐದು ಮೊಮ್ಮಕ್ಕಳ ಸಾಲು. ಹಿತ್ತಾಳೆ ಲೋಟದಲ್ಲಿ ಬಿಸಿ ಕರಿ ಕಾಫಿ, ಅದರ ಮೇಲೆ ಹಳದಿ ಕಣ್ಣು ಬಿಟ್ಟುಕೊಂಡು ತೇಲುವ ಎಣ್ಣೆ. “ಮೂಗು ಹಿಡ್ಕೊ, ಕುಡಿ.” ಅಷ್ಟೇ ಮಾತು. ಸಕ್ಕರೆ ಹಾಕಿದರೆ ಅದು ಔಷಧಿ ಹೆಂಗಾಗುತ್ತೆ ಅನ್ನೋದು ಅವಳ ವಾದ. ಕುಡಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಒಂದು ಸಲ ಚಿಕ್ಕಪ್ಪನ ಮಗ ಲೋಟವನ್ನು ದಾಸವಾಳದ ಬುಡಕ್ಕೆ ಸುರಿದು, ಬಾಯಿ ಒರೆಸಿಕೊಳ್ಳುತ್ತಾ ಗಂಭೀರವಾಗಿ ಬಂದ. ಅಜ್ಜಿ ಬೈಯಲಿಲ್ಲ. ಅವನ ತುಟಿ ಮೇಲೆ ಒಂದು ಬೆರಳು ಆಡಿಸಿದಳು. ಜಿಡ್ಡಿಲ್ಲ. ಒಳಗೆ ಹೋಗಿ ಇನ್ನೊಂದು ಲೋಟ ತಂದಳು, ಈ ಸಲ ಎಣ್ಣೆ ಒಂದು ಬೆರಳು ಜಾಸ್ತಿ. ಆಮೇಲೆ ನಮ್ಮ ಸಾಲು ಜಗುಲಿಯಿಂದ ಹಿತ್ತಲಿಗೆ ಹೋಯಿತು. ಐದು ಜನಕ್ಕೆ ಒಂದೇ ಕಕ್ಕಸು. ಬಾಗಿಲು ಬಡಿದದ್ದು, ಬೇಡಿಕೊಂಡದ್ದು, ಅವನು ಒಳಗಿನಿಂದ “ಈಗ ಬಂದೆ” ಅಂತ ಹೇಳುತ್ತಲೇ ಇದ್ದದ್ದು, ಇದನ್ನೆಲ್ಲ ಈಗಲೂ ಮದುವೆ ಮನೆಗಳಲ್ಲಿ ಎತ್ತಿದರೆ ಅವನು ಎದ್ದು ಬೇರೆ ಪಂಕ್ತಿಗೆ ಹೋಗುತ್ತಾನೆ. ದಾಸವಾಳ ಮಾತ್ರ ಆ ವರ್ಷ ಚೆನ್ನಾಗಿ ಬಿಟ್ಟಿತ್ತು.

ಎಲ್ಲಿದ್ದೆ? ಹಾಂ, ಮೇರಿ ಪಾಪಿನ್ಸ್. ಪುಸ್ತಕದವಳು ಸಿಡುಕಿ. ಅಂಗಡಿ ಗಾಜು ಕಂಡಲ್ಲೆಲ್ಲ ನಿಂತು ತನ್ನ ಚೆಂದ ನೋಡಿಕೊಳ್ಳುತ್ತಾಳೆ. ಮಕ್ಕಳಿಗೆ ಆಕಾಶದಲ್ಲಿ ಏನೇನೋ ತೋರಿಸಿ, ಮರುದಿನ ಅವರು ನೆನಪಿಸಿದರೆ ‘ನಾನಾ? ನನ್ನಂಥವಳಾ?’ ಅಂತ ಮೂಗು ಮುರಿಯುತ್ತಾಳೆ. ಸಿನಿಮಾದಲ್ಲಿ ಜೂಲಿ ಆಂಡ್ರ್ಯೂಸ್ ನಗುತ್ತಾರೆ. ಚೆನ್ನಾಗೇ ನಗುತ್ತಾರೆ, ಆಸ್ಕರ್ ಕೂಡ ಬಂತು, ಬರಲಿ ಬಿಡಿ. ಸಿನಿಮಾ ಮಾಡೋ ಹಕ್ಕು ಕೊಡಿ ಅಂತ ವಾಲ್ಟ್ ಡಿಸ್ನಿ ಸುಮಾರು ಇಪ್ಪತ್ತು ವರ್ಷ ಟ್ರಾವರ್ಸ್ ಹಿಂದೆ ಬಿದ್ದಿದ್ದರು. 1964ರ ಮೊದಲ ಪ್ರದರ್ಶನಕ್ಕೆ ಮಾತ್ರ ಆಕೆಯನ್ನು ಕರೆದಿರಲಿಲ್ಲ, ತಾನೇ ಕೇಳಿ ಕರೆಸಿಕೊಳ್ಳಬೇಕಾಯಿತು. ನೋಡುತ್ತಾ ಅತ್ತರು. ಸಿನಿಮಾದ ನಡುವಿನ ಕಾರ್ಟೂನ್ ಭಾಗ ತೆಗೆಯಿರಿ ಅಂತ ಕೇಳಿದರೆ, ಕಾಲ ಮೀರಿತು ಅನ್ನೋ ಅರ್ಥದ ಒಂದು ಮಾತು ಹೇಳಿ ಡಿಸ್ನಿ ಹೊರಟೇಬಿಟ್ಟರು. ಕುಣಿಯುವ ಪೆಂಗ್ವಿನ್‌ಗಳನ್ನು ಕಂಡರೆ ನನಗೂ ಆಗಲ್ಲ.

ಇಷ್ಟನ್ನೂ ನಾನು ಸೋಫಾ ಪಕ್ಕ ನಿಂತು ಹೇಳಿದೆ. ಹರಳೆಣ್ಣೆ ಸಮೇತ. ಪುಟ್ಟಿ ಸಿನಿಮಾ ನಿಲ್ಲಿಸಿದಳು. ಗೆದ್ದೆ ಅಂದುಕೊಂಡೆ.

“ಮಾಮ, ರಮ್ ಪಂಚ್ ಅಂದ್ರೇನು?”

ಅಡುಗೆಮನೆಯಲ್ಲಿ ಮಿಕ್ಸಿ ಸದ್ದು ನಿಂತಿತು.