ಶಿಕ್ಷಕರನ್ನಷ್ಟೇ ದೂರಿದರೆ ಹೇಗೆ?

ಹೊಸ ಪಠ್ಯಕ್ರಮ ನೆಲಕಚ್ಚಲು ಶಿಕ್ಷಕರ ನಿರಾಸಕ್ತಿಯೇ ಕಾರಣ ಎಂದು ಪತ್ರಿಕೆಯ ಲೇಖನವೊಂದರಲ್ಲಿ ಬಂದ ಮಾತು ಒಪ್ಪಲಾಗದು. ಚಿಕ್ಕ ತರಗತಿಗಳ ‘ನಲಿ-ಕಲಿ’ ಪದ್ಧತಿಯನ್ನೇ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಮಕ್ಕಳು ಗುಂಪಾಗಿ ಕೂತು, ಕಾರ್ಡು ಎತ್ತಿಕೊಂಡು, ಕಲಿಕಾ ಏಣಿಯನ್ನು (ಪಾಠದ ಮೆಟ್ಟಿಲುಗಳನ್ನು) ತಮ್ಮದೇ ವೇಗದಲ್ಲಿ ಹತ್ತುವ ಪದ್ಧತಿ ಅದು. ಅದಕ್ಕೆ ಜಾಗ ಬೇಡವೇ? ನಮ್ಮ ಬಾಗೇಪಲ್ಲಿ ಕಡೆಯ ಒಂದು ಶಾಲೆಯಲ್ಲಿ ಮಳೆ ಬಂದರೆ ಐದೂ ತರಗತಿ ಒಂದೇ ಕೋಣೆಗೆ. ಕಾರ್ಡುಗಳು ನೆನೆದು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ. ಮನೆಯಲ್ಲಿ ತೆಲುಗು ಮಾತಾಡುವ ಈ ಆಂಧ್ರ ಗಡಿಯ ಮಕ್ಕಳಿಗೆ ಕನ್ನಡ ಅಕ್ಷರ ಹತ್ತಿರವಾಗುವುದೇ ಆ ಚಿತ್ರಗಳಿಂದ. ಶಿಕ್ಷಕರಿಗೆ ಇನ್ನೊಂದು ತರಬೇತಿ ಏರ್ಪಡಿಸುವ ಮುನ್ನ ದಯವಿಟ್ಟು ಆ ಸೋರುವ ಸೂರು ರಿಪೇರಿ ಮಾಡಿಸಿ, ಕಾರ್ಡು ಇಡಲು ಒಂದು ಬೀರು ಕೊಡಿ.